ಬೀಡಿ ಬಿಡಿಸುವುದು, ನಡಿಗೆ ಹಚ್ಚುವುದು, ಊಟ ತಿದ್ದುವುದು: ಮೂರನ್ನೂ ಒಂದೇ ಕಾರ್ಯಕ್ರಮದಲ್ಲಿ ಸೇರಿಸಬಹುದೇ?

ಪ್ರಶ್ನೆ: ನಾನು ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಹಳ್ಳಿಯವನು. ನಿವೃತ್ತ ಶಿಕ್ಷಕ, ಈಗ ಊರಿನ ಹಾಲು ಉತ್ಪಾದಕರ ಸಹಕಾರ ಸಂಘದ ಅಧ್ಯಕ್ಷ. ಊರಿನ ಜನಸಂಖ್ಯೆ ಸುಮಾರು ಎರಡು ಸಾವಿರ. ಕಳೆದ ಎರಡು ವರ್ಷಗಳಲ್ಲಿ ಐವತ್ತು ದಾಟದ ಮೂವರು ಗಂಡಸರು ಹೃದಯಾಘಾತದಿಂದ ತೀರಿಕೊಂಡರು. ಮೂವರೂ ಬೀಡಿ ಸೇದುತ್ತಿದ್ದವರು. ಆರೋಗ್ಯ ಶಿಬಿರ ಮಾಡಿಸಿದೆವು, ಬಿಪಿ, ಶುಗರ್ ನೋಡಿದರು, ಭಾಷಣವಾಯಿತು, ಮೂರು ತಿಂಗಳಲ್ಲಿ ಎಲ್ಲ ಮೊದಲಿನಂತೆಯೇ ಆಯಿತು. ಈಗ ಸಂಘದ ವತಿಯಿಂದ ಒಂದು ವರ್ಷದ ಕಾರ್ಯಕ್ರಮ ನಡೆಸಬೇಕೆಂದಿದ್ದೇವೆ: ಧೂಮಪಾನ ಬಿಡಿಸುವುದು, ನಡಿಗೆ, ಊಟದ ಬದಲಾವಣೆ. ಮೂರನ್ನೂ ಒಟ್ಟಿಗೆ ಮಾಡಿದರೆ ಫಲ ಸಿಗುತ್ತದೆಯೇ? ಬೀಡಿ ಬಿಟ್ಟರೆ ಮೈ ಬರುತ್ತದೆ ಎಂದು ಕೆಲವರು ಹೆದರುತ್ತಾರೆ. ಹೊಲದಲ್ಲಿ ದುಡಿಯುವವನಿಗೆ ವ್ಯಾಯಾಮ ಏಕೆ ಎಂದು ಇನ್ನು ಕೆಲವರು ನಗುತ್ತಾರೆ. ಜೊತೆಗೆ, ನಮ್ಮಲ್ಲಿ ಅನೇಕರು ತಂಬಾಕು ಬೆಳೆದೇ ಬದುಕುವವರು. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಮಾನ್ಯ ಮೇಷ್ಟ್ರೇ, ನೇರವಾದ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಮೂರನ್ನೂ ಸೇರಿಸಬಹುದು, ಆದರೆ ಮೂರಕ್ಕೂ ಒಂದೇ ತೂಕ ಕೊಡಬೇಡಿ, ಮೂರನ್ನೂ ಒಂದೇ ದಿನ ಶುರು ಮಾಡಬೇಡಿ. ಇಂಥ ಕಾರ್ಯಕ್ರಮಗಳು ಫಲ ಕೊಟ್ಟಿರುವ ಕಡೆಗಳಲ್ಲಿ ಜನರಿಗೆ ಬುದ್ಧಿ ಹೇಳುವ ಕೆಲಸಕ್ಕಿಂತ ಹೆಚ್ಚಾಗಿ, ಜನ ದಿನವೂ ನಿಲ್ಲುವ ಜಾಗ, ಕೊಳ್ಳುವ ಸಾಮಾನು, ಉಣ್ಣುವ ಊಟ ಇವುಗಳ ಏರ್ಪಾಡನ್ನೇ ಬದಲಿಸುವ ಕೆಲಸ ನಡೆದಿದೆ. ಆ ದೃಷ್ಟಿಯಿಂದ ನೋಡಿದರೆ ಊರಿನ ಡೈರಿ ನಿಮ್ಮ ಕೈಯಲ್ಲಿರುವುದು ಯಾವ ಶಿಬಿರಕ್ಕಿಂತಲೂ ದೊಡ್ಡ ಅನುಕೂಲ.

ಈ ಬಗೆಯ ಕೆಲಸದಲ್ಲಿ ಜಗತ್ತೆಲ್ಲ ಉದಾಹರಿಸುವುದು ಫಿನ್‌ಲ್ಯಾಂಡಿನ ನಾರ್ತ್ ಕರೇಲಿಯಾ ಪ್ರಾಂತ್ಯವನ್ನು. ರಷ್ಯಾದ ಗಡಿಗೆ ಹೊಂದಿಕೊಂಡ, ಕಾಡು, ಕೆರೆಗಳ, ಸುಮಾರು 1,80,000 ಜನರ ಪ್ರಾಂತ್ಯ ಅದು. ಜನ ಮರ ಕಡಿಯುತ್ತಿದ್ದರು, ಹಸು ಸಾಕುತ್ತಿದ್ದರು, ಹಿಮದಲ್ಲಿ ಮೈಮುರಿದು ದುಡಿಯುತ್ತಿದ್ದರು. ಆದರೂ ಆನ್ಸೆಲ್ ಕೀಸ್ ಎಂಬ ಅಮೆರಿಕದ ವಿಜ್ಞಾನಿ 1950ರ ದಶಕದ ಕೊನೆಯಿಂದ ಏಳು ದೇಶಗಳ ಗಂಡಸರನ್ನು ಹೋಲಿಸಿ ನೋಡಿದಾಗ, ಹೃದಯದ ಕಾಯಿಲೆ ಎಲ್ಲರಿಗಿಂತ ಹೆಚ್ಚಾಗಿ ಕಂಡದ್ದು ಪೂರ್ವ ಫಿನ್‌ಲ್ಯಾಂಡಿನ ಈ ಶ್ರಮಜೀವಿಗಳಲ್ಲಿ. ಹೊಲದಲ್ಲಿ ದುಡಿಯುವವನಿಗೆ ಏನೂ ಆಗುವುದಿಲ್ಲ ಎಂದು ನಗುವವರಿಗೆ ಇಷ್ಟನ್ನು ಹೇಳಿದರೆ ಸಾಕು. ಬ್ರೆಡ್ಡಿನ ಮೇಲೆ ದಪ್ಪಗೆ ಬೆಣ್ಣೆ, ಕೊಬ್ಬಿನ ಹಾಲು, ಉಪ್ಪು ಹಾಕಿದ ಮಾಂಸ, ಹೆಸರಿಗಷ್ಟೇ ತರಕಾರಿ, ಮೇಲೆ ಸಿಗರೇಟು. ದುಡಿಮೆ ಇವುಗಳನ್ನೆಲ್ಲ ಕರಗಿಸಲಿಲ್ಲ.

1971ರ ಜನವರಿಯಲ್ಲಿ ಆ ಪ್ರಾಂತ್ಯದ ಗವರ್ನರ್ ಮತ್ತು ಜನಪ್ರತಿನಿಧಿಗಳು ಸೇರಿ ಈ ಸಾವುಗಳನ್ನು ತಡೆಯಲು ಏನಾದರೂ ಮಾಡಿ ಎಂದು ಸರ್ಕಾರಕ್ಕೆ ಮನವಿ ಕೊಟ್ಟರು. ಮರುವರ್ಷ ಯೋಜನೆ ಆರಂಭವಾಯಿತು. ಅದರ ಹೊಣೆ ಹೊತ್ತ ಪೆಕ್ಕಾ ಪುಸ್ಕಾ ಎಂಬ ವೈದ್ಯರಿಗೆ ಆಗ ಇನ್ನೂ ಮೂವತ್ತು ತುಂಬಿರಲಿಲ್ಲ. ಅವರು ಆಸ್ಪತ್ರೆಯಲ್ಲಿ ಕುಳಿತು ಜನರಿಗಾಗಿ ಕಾಯಲಿಲ್ಲ. ಮಾರ್ತಾ ಎಂಬ ಗೃಹಿಣಿಯರ ಸಂಘ ಆ ನಾಡಿನಲ್ಲಿ ಮೊದಲಿನಿಂದಲೂ ಇತ್ತು. ಅದರ ಹೆಂಗಸರೊಂದಿಗೆ ಸೇರಿ ಹಳ್ಳಿಹಳ್ಳಿಯಲ್ಲಿ ಸಂಜೆಯ ಊಟದ ಕೂಟಗಳನ್ನು ನಡೆಸಿದರು. ಅಲ್ಲಿನವರ ಅಚ್ಚುಮೆಚ್ಚಿನ ಮಾಂಸದ ಪಲ್ಯವನ್ನೇ ಕೊಬ್ಬು, ಉಪ್ಪು ಕಡಿಮೆ ಮಾಡಿ, ತರಕಾರಿ ಹೆಚ್ಚು ಹಾಕಿ ಬೇಯಿಸಿ, ಎಲ್ಲರೂ ಕೂತು ಉಂಡು, ರುಚಿಯಾಗಿದೆ ಎಂದು ತಾವೇ ಒಪ್ಪಿಕೊಂಡರು. ಊರೂರಿನಲ್ಲಿ ಮಾತಿಗೆ ಬೆಲೆಯಿರುವವರನ್ನು ಗುರುತಿಸಿ ತರಬೇತಿ ಕೊಟ್ಟರು. ಸಾಸೇಜ್ ಮಾಡುವ ಕಾರ್ಖಾನೆಯವರನ್ನು ಒಪ್ಪಿಸಿ ಕೊಬ್ಬಿನ ಒಂದು ಭಾಗಕ್ಕೆ ಬದಲಾಗಿ ಅಣಬೆ ಹಾಕಿಸಿದರು. ದೂರದರ್ಶನದಲ್ಲಿ ಸಿಗರೇಟು ಬಿಡಲು ಬಂದ ಕೆಲವರನ್ನು ಕೂರಿಸಿ ವಾರವಾರವೂ ಅವರ ಒದ್ದಾಟವನ್ನು ತೋರಿಸಿದರು. ಮನೆಯಲ್ಲಿ ಕುಳಿತು ನೋಡುತ್ತಿದ್ದವರೂ ಜೊತೆಜೊತೆಗೆ ಬಿಡಲು ಯತ್ನಿಸಿದರು. ಮುಂದೆ ಹಳ್ಳಿ ಹಳ್ಳಿಗಳ ನಡುವೆ ಕೊಲೆಸ್ಟರಾಲ್ ಇಳಿಸುವ ಸ್ಪರ್ಧೆಯೂ ನಡೆಯಿತು. ನಮ್ಮಲ್ಲಿ ಕಬಡ್ಡಿಗೆ ಊರು ಊರುಗಳು ಪಂತ ಕಟ್ಟುವುದಿಲ್ಲವೇ, ಹಾಗೆ.

1972ರಲ್ಲಿ ಅಲ್ಲಿನ ಗಂಡಸರಲ್ಲಿ ನೂರಕ್ಕೆ 52 ಮಂದಿ ಧೂಮಪಾನಿಗಳಾಗಿದ್ದರು; 1997ರ ಹೊತ್ತಿಗೆ 31ಕ್ಕೆ ಇಳಿಯಿತು. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯದ ರಕ್ತನಾಳದ ಕಾಯಿಲೆಯಿಂದಾಗುವ ಸಾವಿನ ಪ್ರಮಾಣ 1970ರ ಆಸುಪಾಸಿಗೆ ಹೋಲಿಸಿದರೆ 1995ರ ವೇಳೆಗೆ ನೂರಕ್ಕೆ 73ರಷ್ಟು ಕಡಿಮೆಯಾಯಿತು. ಈ ಇಳಿತದಲ್ಲಿ ಅತಿ ದೊಡ್ಡ ಪಾಲು ಕೊಲೆಸ್ಟರಾಲ್ ಇಳಿದದ್ದರದ್ದು, ಎಂದರೆ ಊಟದ್ದು. ರಕ್ತದೊತ್ತಡ ಮತ್ತು ಧೂಮಪಾನದ ಇಳಿಕೆ ಅದರ ಜೊತೆಗೂಡಿದವು. ವ್ಯಾಯಾಮಕ್ಕೆ ಆ ಯೋಜನೆ ಆರಂಭದಲ್ಲಿ ಮುಖ್ಯಸ್ಥಾನ ಕೊಟ್ಟಿರಲಿಲ್ಲ.

ಇದನ್ನು ಓದಿ ಹಿಗ್ಗುವ ಮೊದಲು ಇನ್ನೊಂದು ಮಗ್ಗುಲನ್ನೂ ನೋಡಬೇಕು. ಫಿನ್‌ಲ್ಯಾಂಡಿನ ಉಳಿದ ಭಾಗಗಳಲ್ಲೂ ಅದೇ ಅವಧಿಯಲ್ಲಿ ಸಾವುಗಳು ಬಹಳ ಇಳಿದವು, ಆದ್ದರಿಂದ ಯೋಜನೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂಬ ವಾದ ಇಂದಿಗೂ ಇದೆ. 1980ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್, ಮಿನೆಸೋಟ, ಪಾಟಕೆಟ್‌ಗಳಲ್ಲಿ ಇದೇ ಮಾದರಿಯ ಯೋಜನೆಗಳು ನಡೆದಾಗ, ಯೋಜನೆ ಇಲ್ಲದ ಪಟ್ಟಣಗಳೂ ತಮ್ಮಷ್ಟಕ್ಕೆ ತಾವೇ ಸುಧಾರಿಸುತ್ತಿದ್ದುದರಿಂದ ವ್ಯತ್ಯಾಸ ಅಲ್ಪವಾಗಿಯೇ ಉಳಿಯಿತು. ಧೂಮಪಾನವೊಂದನ್ನೇ ಗುರಿಯಾಗಿಟ್ಟು 11 ಜೋಡಿ ಪಟ್ಟಣಗಳಲ್ಲಿ ನಾಲ್ಕು ವರ್ಷ ನಡೆಸಿದ ಕಮಿಟ್ ಎಂಬ ಪ್ರಯೋಗದಲ್ಲಿ, ವಿಪರೀತ ಸೇದುವವರಲ್ಲಿ ಯಾವ ಪರಿಣಾಮವೂ ಕಾಣಲಿಲ್ಲ; ಮಿತವಾಗಿ ಸೇದುವವರಲ್ಲಿ ನೂರಕ್ಕೆ 30.6 ಮಂದಿ ಬಿಟ್ಟರೆ, ಯೋಜನೆ ಇಲ್ಲದ ಪಟ್ಟಣಗಳಲ್ಲಿ 27.5 ಮಂದಿ ಬಿಟ್ಟಿದ್ದರು. ಬ್ಯಾನರು, ಜಾಥಾ, ಕರಪತ್ರಗಳಿಗೆ ದಿನಕ್ಕೆ ಎರಡು ಕಟ್ಟು ಬೀಡಿ ಸೇದುವವನು ಅಲುಗುವುದಿಲ್ಲ ಎಂದೇ ನಾನು ಇದನ್ನು ಓದಿಕೊಂಡಿದ್ದೇನೆ. ಅವನಿಗೆ ಮನುಷ್ಯರ ಆಸರೆ ಬೇಕು, ಹಲವೊಮ್ಮೆ ಔಷಧವೂ ಬೇಕು.

ನಮಗೆ ಹತ್ತಿರದ ಲೆಕ್ಕ ಕೇರಳದ್ದು. ತಿರುವನಂತಪುರ ಜಿಲ್ಲೆಯ ಹಳ್ಳಿಗಳಲ್ಲಿ ಧೂಮಪಾನಿ ಗಂಡಸರಿಗೆ ಗುಂಪಿನಲ್ಲಿಯೂ ಒಬ್ಬೊಬ್ಬರಾಗಿಯೂ ಪದೇಪದೇ ಸಲಹೆ ಕೊಟ್ಟು, 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವರ್ಷದ ಕೊನೆಗೆ ನೂರಕ್ಕೆ 14.7 ಮಂದಿ ಬಿಟ್ಟಿದ್ದರು. ಹೋಲಿಕೆಗೆ ಇಟ್ಟುಕೊಂಡ ಹಳ್ಳಿಗಳಲ್ಲಿ 6.8 ಮಂದಿ. ಅದೇ ಜಿಲ್ಲೆಯಲ್ಲಿ ಸಕ್ಕರೆ ಕಾಯಿಲೆ ತಡೆಯಲೆಂದು 60 ಮತಗಟ್ಟೆ ಪ್ರದೇಶಗಳ 1,007 ಜನರ ನಡುವೆ, ಊರಿನವರನ್ನೇ ಮುಂದಾಳುಗಳನ್ನಾಗಿ ಮಾಡಿ ನಡೆಸಿದ ಕಾರ್ಯಕ್ರಮದಲ್ಲಿ ಎರಡು ವರ್ಷದ ನಂತರ ಹಣ್ಣು, ತರಕಾರಿ ತಿನ್ನುವುದು ಹೆಚ್ಚಿತ್ತು, ಮದ್ಯಪಾನ ತಗ್ಗಿತ್ತು. ಆದರೆ ಸಕ್ಕರೆ ಕಾಯಿಲೆ ಬಂದವರ ಸಂಖ್ಯೆಯಲ್ಲಿ ಖಚಿತವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ.

ಇದನ್ನು ನಿಮ್ಮ ಊರಿಗೆ ಇಳಿಸಿ ನೋಡೋಣ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ 22.8 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಎರಡು ಸಾವಿರ ಜನರಲ್ಲಿ ಆ ವಯಸ್ಸಿನವರು ಸುಮಾರು 1,500 ಎಂದಿಟ್ಟುಕೊಂಡರೆ ತಂಬಾಕಿನವರು 340ರ ಆಸುಪಾಸು. ಕೇರಳದ ಫಲವೇ ನಿಮಗೂ ಸಿಕ್ಕರೆ ವರ್ಷದ ಕೊನೆಗೆ 50 ಮಂದಿ ಬಿಟ್ಟಿರುತ್ತಾರೆ, ಅವರಲ್ಲಿ 23 ಮಂದಿ ನಿಮ್ಮ ಕಾರ್ಯಕ್ರಮವಿಲ್ಲದಿದ್ದರೂ ಬಿಡುತ್ತಿದ್ದವರು. ಎಂದರೆ ನಿಮ್ಮ ದುಡಿಮೆಯ ಫಲ ಇಪ್ಪತ್ತೇಳು ಜನ. ಇದು ಸಣ್ಣ ಸಂಖ್ಯೆಯೆಂದು ನನಗೆ ಅನಿಸುವುದಿಲ್ಲ. ಆದರೆ ‘ತಂಬಾಕು ಮುಕ್ತ ಗ್ರಾಮ’ ಎಂದು ಊರ ಬಾಗಿಲಿಗೆ ಫಲಕ ಹಾಕಿಸುವ ಅವಸರದಲ್ಲಿರುವವರು ಈ ಲೆಕ್ಕವನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ಇಲ್ಲಿ ಇನ್ನೊಂದು ಅಂಶವನ್ನು ಗಮನಿಸಬೇಕು. ಅದೇ ಸಮೀಕ್ಷೆಯಲ್ಲಿ ಸೇದುವವರು ನೂರಕ್ಕೆ 8.8 ಮಾತ್ರ, ಅಗಿಯುವವರು 16.3. ನಿಮ್ಮ ಕಾರ್ಯಕ್ರಮಕ್ಕೆ ಬರೀ ‘ಧೂಮಪಾನ’ ಎಂದು ಹೆಸರಿಟ್ಟರೆ ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ಅಜ್ಜಿಯರು, ಕಡ್ಡಿಪುಡಿಯವರು, ಗುಟ್ಕಾದವರು ಎಲ್ಲ ಹೊರಗುಳಿಯುತ್ತಾರೆ. ಬೀಡಿ ಬಿಟ್ಟೆ ಎಂದು ಕೈ ಎತ್ತಿದವನು ಅಂಗಿಯ ಜೇಬಿನಲ್ಲಿ ಕಡ್ಡಿಪುಡಿ ಪೊಟ್ಟಣ ಇಟ್ಟುಕೊಂಡಿರುವುದನ್ನು ನಾನು ಎಷ್ಟು ಸಲ ಕಂಡಿದ್ದೇನೆಂದು ಲೆಕ್ಕವಿಟ್ಟಿಲ್ಲ. ಬಿಟ್ಟವರ ಪಟ್ಟಿಗೆ ಸೇರಬೇಕಾದರೆ ಎಲ್ಲ ರೂಪವನ್ನೂ ಬಿಟ್ಟಿರಬೇಕು.

ಈಗ ಮೂರನ್ನು ಹೇಗೆ ಹೆಣೆಯಬೇಕೆಂಬ ವಿಚಾರ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೊಂದು ಹಳ್ಳಿಯಲ್ಲಿ ಹದಿನಾಲ್ಕು ಸೂಚನೆಗಳ ಹಾಳೆಯೊಂದನ್ನು ಮನೆಮನೆಗೆ ಹಂಚಿಸಿದ್ದೆ: ಬೀಡಿ ಬಿಡಿ, ಉಪ್ಪು ಕಡಿಮೆ ಮಾಡಿ, ಎಣ್ಣೆ ಕಡಿಮೆ ಮಾಡಿ, ಅರ್ಧ ಗಂಟೆ ನಡೆಯಿರಿ, ಹೀಗೆ. ಆರು ತಿಂಗಳ ಮೇಲೆ ಹೋದಾಗ ಒಂದು ಮನೆಯಲ್ಲಿ ಆ ಹಾಳೆ ಹಪ್ಪಳದ ಡಬ್ಬಿಯ ತಳಕ್ಕೆ ಹಾಸಿತ್ತು. ತಪ್ಪು ಜನರದ್ದಲ್ಲ, ನನ್ನದು. ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮ ಇದು: ತಂಬಾಕನ್ನು ದಿನ ಗೊತ್ತುಮಾಡಿ ಬಿಡಿಸುವುದು, ಆ ದಿನಗಳಲ್ಲಿ ನಡಿಗೆಯನ್ನೂ ಊಟವನ್ನೂ ಬಿಡುವವನ ಊರುಗೋಲಾಗಿ ಬಳಸುವುದು, ಅವನು ಸ್ಥಿಮಿತಕ್ಕೆ ಬಂದ ಮೇಲೆ ಇಡೀ ಮನೆಯ ಊಟದ ಕಡೆಗೆ ತಿರುಗುವುದು.

ಊರುಗೋಲು ಎಂದದ್ದಕ್ಕೆ ಕಾರಣವಿದೆ. ಬೀಡಿಯ ಚಪಲ ಅಲೆಯಂತೆ ಬರುತ್ತದೆ, ಕೆಲವೇ ನಿಮಿಷ ಕಾಡಿ ಇಳಿಯುತ್ತದೆ. ಬಿಟ್ಟ ಮೊದಲ ಎರಡು ಮೂರು ದಿನ ಅದರ ಕಾಟ ಅತಿ ಹೆಚ್ಚು. ಎರಡರಿಂದ ನಾಲ್ಕು ವಾರಗಳಲ್ಲಿ ಬಹಳಷ್ಟು ತಗ್ಗುತ್ತದೆ. ಆ ಅಲೆ ಎದ್ದಾಗ ಐದು ಹತ್ತು ನಿಮಿಷ ಬಿರುಸಾಗಿ ನಡೆದರೆ ಚಪಲ ಇಳಿಯುತ್ತದೆ ಎಂಬುದು ಹಲವು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಬಿಡುವ ಕಾರ್ಯಕ್ರಮಕ್ಕೆ ವ್ಯಾಯಾಮ ಸೇರಿಸಿದರೆ ವರ್ಷದ ನಂತರವೂ ಬಿಟ್ಟಿರುವವರ ಸಂಖ್ಯೆ ಹೆಚ್ಚುತ್ತದೆಯೇ ಎಂದು ಕೇಳಿದರೆ, ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದಾಗ ಹಾಗೆ ಹೇಳಲು ಸಾಕಷ್ಟು ಆಧಾರ ಸಿಗುವುದಿಲ್ಲ. ಆದ್ದರಿಂದ ನಡಿಗೆಯನ್ನು ಚಪಲದ ಗಳಿಗೆ ದಾಟುವ ಉಪಾಯವಾಗಿ ಹೇಳಿಕೊಡಿ; ನಡೆದರೆ ಬೀಡಿ ತಾನಾಗಿ ಬಿಟ್ಟುಹೋಗುತ್ತದೆ ಎಂದು ಮಾತ್ರ ಹೇಳಬೇಡಿ.

ಮೈ ಬರುವ ಭಯ ಸುಳ್ಳಲ್ಲ. ತಂಬಾಕಿನಲ್ಲಿರುವ, ಚಟ ಹಿಡಿಸುವ ನಿಕೋಟಿನ್ ಹಸಿವನ್ನು ಅಡಗಿಸುತ್ತದೆ, ದೇಹ ಖರ್ಚುಮಾಡುವ ಶಕ್ತಿಯನ್ನು ಸ್ವಲ್ಪ ಹೆಚ್ಚಿಸುತ್ತದೆ. ಅದು ಹೋದಾಗ ಬಾಯಿ ರುಚಿ ಮರಳುತ್ತದೆ, ಹಸಿವು ಏಳುತ್ತದೆ. ಬಿಟ್ಟ ಒಂದು ವರ್ಷದಲ್ಲಿ ಸರಾಸರಿ ನಾಲ್ಕರಿಂದ ಐದು ಕೆಜಿ ಏರುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ. ಎಲ್ಲರಿಗೂ ಹೀಗಾಗುವುದಿಲ್ಲ, ನೂರಕ್ಕೆ ಹದಿನಾರು ಮಂದಿಗೆ ತೂಕ ಇಳಿದದ್ದೂ ಉಂಟು. ತೂಕ ಏರಿದವರಲ್ಲೂ ಹೃದಯದ ಕಾಯಿಲೆಯಿಂದ ಸಾಯುವ ಅಪಾಯ ಸೇದುತ್ತಲೇ ಇರುವವರಿಗಿಂತ ಕಡಿಮೆಯೇ ಎಂಬುದು ಲಕ್ಷಾಂತರ ಜನರನ್ನು ಹಲವು ವರ್ಷ ಗಮನಿಸಿದ ಅಧ್ಯಯನದಲ್ಲಿ ಕಂಡಿದೆ. ಸಕ್ಕರೆ ಕಾಯಿಲೆಯ ಅಂಚಿನಲ್ಲಿರುವವರು ಮಾತ್ರ ಮೊದಲ ವರ್ಷ ಶುಗರ್ ಮೇಲೆ ಕಣ್ಣಿಡಬೇಕು. ಬಿಟ್ಟ ಹೊಸದರಲ್ಲಿ ಪಥ್ಯ ಹೇರಬೇಡಿ. ಬೀಡಿಯನ್ನೂ ಬಿಟ್ಟು, ಅನ್ನವನ್ನೂ ಅಳೆದು ಉಣ್ಣು ಎಂದರೆ ಮನುಷ್ಯ ಎರಡನ್ನೂ ಕೈಬಿಡುತ್ತಾನೆ. ಬಾಯಾಡಿಸಲು ಬೋಂಡಾ, ಮಿಕ್ಸ್ಚರಿನ ಬದಲು ಹುರಿದ ಕಡಲೆ, ಸೌತೆಕಾಯಿ, ಸೀಬೆಕಾಯಿ ಕೈಗೆಟಕುವಂತೆ ನೋಡಿಕೊಂಡರೆ ಆ ಹಂತಕ್ಕೆ ಸಾಕು.

ಪುಸ್ತಕಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ, ಆದರೆ ನಮ್ಮ ಹಳ್ಳಿಗಳಲ್ಲಿ ಬೀಡಿಗೆ ಮರಳುವುದಕ್ಕೆ ದೊಡ್ಡ ಕಾರಣವಾಗುವ ಎರಡು ಸಂಗತಿಗಳಿವೆ. ಮೊದಲನೆಯದು ಬೆಳಗಿನ ಶೌಚ. ‘ಒಂದು ಬೀಡಿ ಎಳೆಯದೆ ಹೊಟ್ಟೆ ಸಡಿಲವಾಗುವುದಿಲ್ಲ ಸ್ವಾಮಿ’ ಎಂದು ಹೇಳುವವರು ನೆಪ ಹೇಳುತ್ತಿರುವುದಿಲ್ಲ; ನಿಕೋಟಿನ್ ಕರುಳಿನ ಚಲನೆಯನ್ನು ಚುರುಕುಗೊಳಿಸುತ್ತದೆ, ಬಿಟ್ಟ ಮೊದಲ ವಾರಗಳಲ್ಲಿ ಮಲಬದ್ಧತೆ ಆಗುವುದು ನಿಜ. ಎದ್ದ ಕೂಡಲೇ ಎರಡು ಲೋಟ ಬೆಚ್ಚಗಿನ ನೀರು, ರಾತ್ರಿ ಊಟಕ್ಕೆ ಮುದ್ದೆಯ ಜೊತೆ ಸೊಪ್ಪಿನ ಬಸ್ಸಾರು, ಮಲಗುವಾಗ ಬಾಳೆಹಣ್ಣು, ಬೆಳಿಗ್ಗೆ ನಾಲ್ಕು ಹೆಜ್ಜೆ ನಡಿಗೆ: ಊಟ, ನಡಿಗೆ, ತಂಬಾಕು ಮೂರೂ ಒಂದೇ ಗಂಟಿನಲ್ಲಿ ಸೇರುವ ಜಾಗ ಇದೇ. ಎರಡನೆಯದು ಟೀ. ಬೀಡಿಯ ಹೊಗೆ ಟೀಯಲ್ಲಿರುವ ಕೆಫೀನನ್ನು ದೇಹದಲ್ಲಿ ಬೇಗ ಕರಗಿಸುತ್ತದೆ. ಬೀಡಿ ನಿಂತ ಮೇಲೆ ಅದೇ ಆರು ಲೋಟ ಟೀ ಕುಡಿದರೆ ರಕ್ತದಲ್ಲಿ ಕೆಫೀನ್ ಏರಿ ಕೈ ನಡುಗುತ್ತದೆ, ನಿದ್ದೆ ಹಾರುತ್ತದೆ. ಬೀಡಿ ಬಿಟ್ಟದ್ದರಿಂದಲೇ ಹೀಗಾಯಿತು ಎಂದುಕೊಂಡು ಮತ್ತೆ ಹಚ್ಚುತ್ತಾರೆ. ಬಿಡುವ ದಿನದಿಂದಲೇ ಟೀಯನ್ನು ಅರ್ಧಕ್ಕೆ ಇಳಿಸಲು ಹೇಳಿ. ದಮ್ಮಿಗೆ ಥಿಯೋಫಿಲಿನ್ ಮಾತ್ರೆ ನುಂಗುವವರು ಇದೇ ಕಾರಣಕ್ಕೆ ಬಿಡುವ ಮೊದಲು ವೈದ್ಯರಿಗೆ ತಿಳಿಸಬೇಕು.

ಔಷಧದ ವಿಚಾರ ಚಿಕ್ಕದಾಗಿ. ಚಪಲ ತಗ್ಗಿಸುವ 2 ಮಿಲಿಗ್ರಾಂ ನಿಕೋಟಿನ್ ಗಮ್ ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಬಬಲ್ ಗಮ್‌ನಂತೆ ಒಂದೇ ಸಮನೆ ಅಗಿದರೆ ಗಂಟಲು ಉರಿದು ಬಿಕ್ಕಳಿಕೆ ಬಂದು ಎಸೆಯುತ್ತಾರೆ. ಖಾರವೆನಿಸುವವರೆಗೆ ಅಗಿದು, ಕೆನ್ನೆಯ ಒಳಗೆ ಒತ್ತಿಟ್ಟು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ಟೀ ಕುಡಿದ ಕಾಲು ಗಂಟೆಯೊಳಗೆ ಅಗಿದರೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಇದೇ ಉದ್ದೇಶದ ಬುಪ್ರೊಪಿಯಾನ್, ವರೆನಿಕ್ಲಿನ್ ಮಾತ್ರೆಗಳನ್ನು ವೈದ್ಯರೇ ಬರೆದುಕೊಡಬೇಕು. ತಂಬಾಕು ಬಿಡುವವರಿಗಾಗಿ ಇರುವ 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಕರೆ ಉಚಿತ. ಬೆಂಗಳೂರಿನ ನಿಮ್ಹಾನ್ಸ್ ಅದರ ದಕ್ಷಿಣದ ಕೇಂದ್ರವಾಗಿರುವುದರಿಂದ ಕನ್ನಡದಲ್ಲಿ ಮಾತಾಡಬಹುದು. ಬೀಡಿ ಕಟ್ಟಿನ ಮೇಲೂ ಈ ಸಂಖ್ಯೆ ಅಚ್ಚಾಗಿರುತ್ತದೆ, ಆದರೆ ತಾನಾಗಿ ಕರೆ ಮಾಡುವವರು ವಿರಳ. ಸಂಘದ ಕಚೇರಿಯಲ್ಲಿ ಕೂರಿಸಿ, ನೀವೇ ಫೋನ್ ಹಚ್ಚಿಕೊಟ್ಟು, ಹೊರಗೆ ಹೋಗಿ ನಿಲ್ಲಿ.

ಡೈರಿಗೆ ಬರೋಣ. ಬೆಳಿಗ್ಗೆ ಆರೂವರೆಗೆ ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತವರನ್ನು ನೆನಪಿಸಿಕೊಳ್ಳಿ. ಹಾಲು ಅಳೆಯುವ ತನಕ, ಫ್ಯಾಟ್ ನೋಡುವ ತನಕ ಮಾಡಲು ಬೇರೆ ಕೆಲಸವಿಲ್ಲ. ಒಬ್ಬ ಬೀಡಿ ಹಚ್ಚುತ್ತಾನೆ, ಪಕ್ಕದವನಿಗೆ ಬೆಂಕಿ ಕೊಡುತ್ತಾನೆ, ಮೂರನೆಯವನಿಗೆ ಅವರಿಬ್ಬರನ್ನು ನೋಡಿ ಬಾಯಿ ತುರಿಸುತ್ತದೆ. ಬಿಡಬೇಕೆಂದು ಮನೆಯಲ್ಲಿ ಆಣೆ ಮಾಡಿ ಬಂದವನು ಸೋಲುವುದು ಈ ಜಗಲಿಯ ಮೇಲೆ. ಆದ್ದರಿಂದ ನಿಮ್ಮ ಮೊದಲ ಕೆಲಸ, ಆಡಳಿತ ಮಂಡಳಿಯಲ್ಲಿ ಠರಾವು ಮಾಡಿ ಡೈರಿಯ ಕಟ್ಟಡ ಮತ್ತು ಜಗಲಿಯಲ್ಲಿ ಬೀಡಿ ಸೇದುವುದನ್ನೂ ಉಗುಳುವುದನ್ನೂ ನಿಲ್ಲಿಸುವುದು. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು 2003ರ ತಂಬಾಕು ನಿಯಂತ್ರಣ ಕಾಯ್ದೆಯೇ ನಿಷೇಧಿಸಿದೆ, ರಾಜ್ಯದ ಇತ್ತೀಚಿನ ತಿದ್ದುಪಡಿ ದಂಡವನ್ನು 1,000 ರೂಪಾಯಿಗೆ, ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿದೆ. ಆದರೂ ದಂಡದ ಮಾತು ಮೊದಲ ದಿನವೇ ಬೇಡ. ಸಂಘದ ಕಾರ್ಯದರ್ಶಿ, ಹಾಲು ಅಳೆಯುವವರು, ನಿರ್ದೇಶಕರು ಇವರಲ್ಲಿ ಸೇದುವವರಿದ್ದರೆ ಮೊದಲ ತಂಡದಲ್ಲಿ ಅವರ ಹೆಸರಿರಲಿ. ಅಳೆಯುವವನ ಕಿವಿಯ ಮೇಲೆ ಬೀಡಿ ಸಿಕ್ಕಿಸಿರುವ ತನಕ ಗೋಡೆಯ ಮೇಲಿನ ಬರಹವನ್ನು ಯಾರೂ ಓದುವುದಿಲ್ಲ.

ಅದೇ ಜಗಲಿಯ ಮೇಲೆ ಹಾಲಿನ ಬಟವಾಡೆಯ ದಿನ ಆಶಾ ಕಾರ್ಯಕರ್ತೆಯೋ ಸಮುದಾಯ ಆರೋಗ್ಯ ಅಧಿಕಾರಿಯೋ ಬಿಪಿ ಯಂತ್ರ ಇಟ್ಟುಕೊಂಡು ಕೂತರೆ, ಶಿಬಿರಕ್ಕೆ ಬಾರದ ಗಂಡಸರೂ ಸಿಗುತ್ತಾರೆ. ಬಿಪಿ ಹೆಚ್ಚಿದ್ದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ನಿಮ್ಮ ಮೂರು ಅಂಶಗಳಲ್ಲಿ ಇಲ್ಲ. ನಾಲ್ಕನೆಯದಾಗಿ ಅದನ್ನು ಸೇರಿಸಲೇಬೇಕು. ಹಠಾತ್ ಸಾವುಗಳನ್ನು ತಡೆಯುವುದರಲ್ಲಿ ಆ ಮಾತ್ರೆಯ ಪಾಲು ನಡಿಗೆಗಿಂತ ದೊಡ್ಡದಿರಬಹುದು.

ಊಟದ ವಿಚಾರದಲ್ಲಿ ಉಪದೇಶ ಬೇಡ, ಉಪ್ಪಿನ ಪೊಟ್ಟಣ ಎಣಿಸಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ ತಲೆಗೆ 5 ಗ್ರಾಂಗಿಂತ ಕಡಿಮೆ ಉಪ್ಪು. ಐದು ಜನ ದೊಡ್ಡವರ ಮನೆಗೆ ತಿಂಗಳಿಗೆ ಲೆಕ್ಕ ಹಾಕಿದರೆ 750 ಗ್ರಾಂ. ಒಂದು ಕೆಜಿ ಪೊಟ್ಟಣ ಮುಗಿಯುತ್ತಿದ್ದರೆ ತಲೆಗೆ ಆರೂವರೆ ಗ್ರಾಂ ದಾಟಿತು. ಎರಡು ಮುಗಿಯುತ್ತಿದ್ದರೆ ಹದಿಮೂರು. ಇದರ ಮೇಲೆ ಅಂಗಡಿಯ ಉಪ್ಪಿನಕಾಯಿ, ಹಪ್ಪಳ, ಖಾರ ಬೇರೆ. ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಈ ಲೆಕ್ಕ ಒಂದು ಸಲ ಹೇಳಿದರೆ ಸಾಕು, ಮನೆಯ ಸಾಮಾನಿನ ಚೀಟಿ ಅವರ ಕೈಯಲ್ಲೇ ಇರುತ್ತದೆ. ಉಪ್ಸಾರಿನ ಊರಿನಲ್ಲಿ ಉಪ್ಪು ಇಳಿಸುವುದು ಸುಲಭವಲ್ಲ ಎಂಬುದು ನನಗೂ ಗೊತ್ತು. ಒಂದೇ ಸಲ ಅರ್ಧ ಮಾಡಿದರೆ ಗಂಡಸರು ತಟ್ಟೆ ಸರಿಸುತ್ತಾರೆ. ತಿಂಗಳಿಗಿಷ್ಟರಂತೆ ಇಳಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಸಪ್ಪೆಯೆನಿಸಿದ್ದಕ್ಕೆ ಹುಣಸೆ, ನಿಂಬೆ, ಬೆಳ್ಳುಳ್ಳಿ, ಕರಿಬೇವು ಇವೆ.

ನಮ್ಮ ಹಳ್ಳಿಯ ಮೂಲ ಊಟ ಕೆಟ್ಟದ್ದಲ್ಲ. ರಾಗಿ, ಹುರುಳಿ, ಅವರೆ, ಸೊಪ್ಪು ಇರುವ ತಟ್ಟೆಯನ್ನು ಯಾವ ಫಿನ್‌ಲ್ಯಾಂಡಿನವರಿಂದಲೂ ಕಲಿಯಬೇಕಾಗಿಲ್ಲ. ಕೆಟ್ಟಿರುವುದು ಎರಡು ಊಟಗಳ ನಡುವಿನದು: ತಾಳೆ ಎಣ್ಣೆಯಲ್ಲಿ ಕರಿದ ಬಜ್ಜಿ, ಬೇಕರಿಯ ಬನ್ನು, ಸಕ್ಕರೆ ಸುರಿದ ಟೀ. ಮಾರ್ತಾ ಸಂಘದವರ ಕೂಟದಂತೆ ನಿಮ್ಮಲ್ಲೂ ತಿಂಗಳಿಗೊಂದು ಸಂಜೆ, ಊರಿನ ಅಡುಗೆಯವರನ್ನೇ ಕರೆಸಿ, ಕಡಿಮೆ ಎಣ್ಣೆಯ, ಕಡಿಮೆ ಉಪ್ಪಿನ ಬಸ್ಸಾರನ್ನೋ ಕೋಳಿ ಸಾರನ್ನೋ ಮಾಡಿಸಿ ಎಲ್ಲರೂ ಕೂತು ಉಣ್ಣಿ. ಅಡುಗೆ ಮಾಡಿ ತೋರಿಸುವವರಲ್ಲಿ ಗಂಡಸರೂ ಇರಬೇಕೆಂಬುದು ನನ್ನ ಹಟ. ಇಂಥ ಕಾರ್ಯಕ್ರಮಗಳು ಬಹಳ ಬೇಗ ‘ನಿಮ್ಮ ಯಜಮಾನರ ಆರೋಗ್ಯ ನಿಮ್ಮ ಕೈಯಲ್ಲಿ’ ಎಂದು ಹೆಂಗಸರ ತಲೆಗೇ ಇನ್ನೊಂದು ಹೊರೆ ಹೊರಿಸುತ್ತವೆ.

ನಡಿಗೆಯ ಮಾತಿಗೆ ಹೆಚ್ಚು ಹೇಳುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಮಧ್ಯಮ ಚಟುವಟಿಕೆ ವಯಸ್ಕರಿಗೆ ಬೇಕು. ನಾಟಿ, ಕಳೆ, ಕೊಯ್ಲಿನ ತಿಂಗಳುಗಳಲ್ಲಿ ನಿಮ್ಮವರು ಅದಕ್ಕಿಂತ ಎಷ್ಟೋ ಹೆಚ್ಚು ದುಡಿಯುತ್ತಾರೆ. ತೊಂದರೆ ಬಿಡುವಿನ ತಿಂಗಳುಗಳದ್ದು, ಟ್ರ್ಯಾಕ್ಟರು ಬೈಕು ಇರುವವರದ್ದು, ಕೂತು ಕೆಲಸ ಮಾಡುವವರದ್ದು. ಬೀಡಿ ಬಿಡುವ ದಿನವನ್ನು ನಾನಾಗಿದ್ದರೆ ತಂಬಾಕಿನ ಹರಾಜು ಮುಗಿದು ನಾಟಿ ಇನ್ನೂ ಶುರುವಾಗದ ಆ ಬಿಡುವಿನಲ್ಲೇ ಇಡುತ್ತಿದ್ದೆ: ಎಲೆ ಹದಗೊಳಿಸುವ ಬ್ಯಾರನ್ ಮುಂದೆ ರಾತ್ರಿ ನಿದ್ದೆಗೆಡುವ ಕಾಟವಿಲ್ಲ, ಸಂಜೆ ಗುಂಪಾಗಿ ಕೆರೆ ಏರಿಯ ಮೇಲೆ ನಡೆಯಲು ಪುರುಸೊತ್ತೂ ಇರುತ್ತದೆ. ನಡೆಯುವಾಗ ಎದೆ ಹಿಡಿದಂತಾಗುವವರು, ಈಗಾಗಲೇ ಹೃದಯದ ಚಿಕಿತ್ಸೆಯಲ್ಲಿರುವವರು ವೈದ್ಯರನ್ನು ಕಂಡೇ ಶುರು ಮಾಡಬೇಕು. ಎದೆನೋವು ಬಂದಾಗ ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸದೆ ಕೂಡಲೇ ಇಸಿಜಿ ಮಾಡಿಸಬೇಕೆಂಬುದನ್ನೂ ಇದೇ ಗುಂಪಿನಲ್ಲಿ ಹೇಳಿ. 2023ರಲ್ಲಿ ಆರಂಭವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ತಜ್ಞರಿಗೆ ಕಳಿಸಿ, ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದಿದೆ. ನಿಮಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಇದೆ ಎಂದು ಇವತ್ತೇ ವಿಚಾರಿಸಿ ಡೈರಿಯ ಗೋಡೆಗೆ ಬರೆಸಿ.

ವರ್ಷದ ಕೊನೆಗೆ ಹೃದಯಾಘಾತ ಎಷ್ಟು ಇಳಿಯಿತೆಂದು ಲೆಕ್ಕ ಹಾಕಲು ಹೋಗಬೇಡಿ. ಎರಡು ಸಾವಿರ ಜನರ ಊರಿನಲ್ಲಿ ಒಂದು ವರ್ಷ ಇಬ್ಬರು, ಒಂದು ವರ್ಷ ಯಾರೂ ಇಲ್ಲ, ಮತ್ತೊಂದು ವರ್ಷ ಮೂವರು ಎನ್ನುವುದು ಆಕಸ್ಮಿಕವಾಗಿಯೇ ಆಗುತ್ತದೆ. ಅದನ್ನು ಗೆಲುವೆಂದೂ ಸೋಲೆಂದೂ ಓದಲಾಗದು. ಒಂದು ಉದ್ದ ನೋಟ್‌ಪುಸ್ತಕದಲ್ಲಿ ಮೂರೇ ಸಂಗತಿ ಬರೆಯಿರಿ: ಆರು ತಿಂಗಳಿಂದ ಯಾವ ರೂಪದ ತಂಬಾಕನ್ನೂ ಮುಟ್ಟದವರು ಎಷ್ಟು, ಬಿಪಿ ಹತೋಟಿಯಲ್ಲಿರುವವರು ಎಷ್ಟು, ತಿಂಗಳಿಗೆ ಒಂದು ಕೆಜಿಗಿಂತ ಹೆಚ್ಚು ಉಪ್ಪು ಕೊಳ್ಳುವ ಮನೆಗಳು ಎಷ್ಟು. ಬಿಟ್ಟವನು ಮತ್ತೆ ಹಚ್ಚಿದರೆ ಹೆಸರು ಹೊಡೆದುಹಾಕಬೇಡಿ, ಹೊಸ ದಿನ ಬರೆಯಿರಿ; ಬಹಳ ಮಂದಿ ಹಲವು ಸಲ ಯತ್ನಿಸಿದ ಮೇಲೆಯೇ ಬಿಡುತ್ತಾರೆ.

ಕೊನೆಗೆ, ತಂಬಾಕು ಬೆಳೆಯುವ ಊರಿನ ಮಾತು. ನಾರ್ತ್ ಕರೇಲಿಯಾದವರಿಗೂ ಇದೇ ಇಕ್ಕಟ್ಟು ಇತ್ತು: ಬೆಣ್ಣೆ ಕಡಿಮೆ ಮಾಡಿ ಎಂದು ಹೇಳಬೇಕಾಗಿದ್ದದ್ದು ಹೈನುಗಾರಿಕೆಯಿಂದಲೇ ಬದುಕುವ ನಾಡಿನಲ್ಲಿ, ರೈತರು ಸಿಟ್ಟಾದದ್ದು ಸಹಜ. 1980ರ ದಶಕದ ನಡುವಿನಿಂದ ಅಲ್ಲಿ ಬೆರಿ ಹಣ್ಣಿನ ಬೇಸಾಯಕ್ಕೆ, ಮಾರುಕಟ್ಟೆಗೆ ನೆರವು ಕೊಟ್ಟು ಕೆಲವರನ್ನು ಹೊಸ ದಾರಿಗೆ ಹಚ್ಚಿದರು. ಆ ಕೆಲಸ ಸರ್ಕಾರದ ಹಣ, ಖರೀದಿ ಕಂಪನಿಗಳ ಒಪ್ಪಿಗೆ, ಹತ್ತಾರು ವರ್ಷಗಳ ಸಹನೆ ಬೇಡಿತು. ಹಾಲಿನ ಸಂಘವೊಂದರ ಒಂದು ವರ್ಷದ ಕಾರ್ಯಕ್ರಮ ಆ ಭಾರವನ್ನು ಹೊರಲಾರದು. ಆದ್ದರಿಂದ ಮೊದಲ ವರ್ಷ ಬೆಳೆಯ ಮಾತನ್ನು ಎತ್ತಲೇಬೇಡಿ. ಬೆಳೆಯುವವನೂ ಸೇದುವುದನ್ನು ಬಿಡಬಹುದು, ಬಿಟ್ಟವರನ್ನು ನಾನು ಕಂಡಿದ್ದೇನೆ. ಅವರಿಗೆ ಒಂದೇ ಎಚ್ಚರಿಕೆ ಹೇಳಿ. ಇಬ್ಬನಿಗೋ ಮಳೆಗೋ ನೆನೆದ ತಂಬಾಕಿನ ಎಲೆ ಮುರಿಯುವಾಗ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿದು ತಲೆಸುತ್ತು, ವಾಂತಿ ತರುತ್ತದೆ. ಸೇದುವವರಿಗೆ ನಿಕೋಟಿನ್ ರೂಢಿಯಾಗಿರುವುದರಿಂದ ಇದು ಅಷ್ಟಾಗಿ ತಟ್ಟುವುದಿಲ್ಲ. ಬೀಡಿ ಬಿಟ್ಟವನಿಗೆ ಮುಂದಿನ ಕೊಯ್ಲಿನಲ್ಲಿ ಮೊದಲ ಸಲ ತಟ್ಟಬಹುದು, ಆಗ ಬೀಡಿ ಬಿಟ್ಟದ್ದೇ ತಪ್ಪಾಯಿತು ಎನ್ನುವ ಮಾತು ಊರಲ್ಲಿ ಹಬ್ಬಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಎಲೆ ಒಣಗಿದ ಮೇಲೆ ಮುರಿಯುವುದು, ತುಂಬುತೋಳಿನ ಅಂಗಿ, ರಬ್ಬರ್ ಕೈಗವಸು, ನೆನೆದ ಬಟ್ಟೆಯನ್ನು ಕೂಡಲೇ ಬದಲಿಸಿ ಸೋಪು ಹಚ್ಚಿ ಕೈ ತೊಳೆಯುವುದು, ಇಷ್ಟನ್ನು ಕೊಯ್ಲಿಗೆ ಒಂದು ವಾರ ಮೊದಲು ಡೈರಿಯ ಸಾಲಿನಲ್ಲಿ ಒಬ್ಬೊಬ್ಬರಿಗೂ ನೆನಪಿಸಿ.